ಹಳ್ಳದ ಪಾಲಾದ ದಂಗ್ವಿ ಬೇರು

ನುರುಪ್‌ಗೋಲ್ ಎಂಬ ಬೆಟ್ಟದ ಊರಿಗೆ ನಾನು ಸೊಸೆಯಾಗಿ ಬಂದ ಎರಡನೆಯ ವಸಂತ ಅದು. ಹಿಮ ಕರಗಿ ಹಳ್ಳ ಮೈದುಂಬಿತ್ತು. ನಾದಿನಿ ಮಾಲ್‌ಸುನ್ ಗುಡ್ಡದಾಚೆಯ ಗಂಡನ ಮನೆಯಲ್ಲಿ ಹೆತ್ತು ಹನ್ನೊಂದು ದಿನವಾಗಿತ್ತು. ಹೊತ್ತು ಹೊತ್ತಿಗೆ ಕಡಲಪಾಚಿಯ ಸಾರು ಕುಡಿಸಿದರೂ ಮೈ ತಣ್ಣಗೇ ಇದೆ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ ಎಂದು ಸುದ್ದಿ ಬಂತು. ಬಾಣಂತಿ ಹೀಗೆ ಸೊರಗಿದರೆ ನಮ್ಮಲ್ಲಿ ದಂಗ್ವಿ ಬೇರಿನ ಕಷಾಯ ಕೊಡುತ್ತಾರೆ. ಬೇರು ಒಯ್ಯಲು ಅವಳ ಗಂಡ ಮಾರನೆಯ ಬೆಳಿಗ್ಗೆ ಬರುವವನಿದ್ದ.

ಬೇರು ಅಂದರೆ ನಮ್ಮ ಅತ್ತೆಯೇ. ಅವರು ಕೊಟ್ಟದ್ದನ್ನು ಐದು ಊರಿನವರು ಮರುಮಾತಿಲ್ಲದೆ ಕುಡಿಯುತ್ತಿದ್ದರು. ದಂಗ್ವಿ ಬೆಳೆಯುವ ಜಾಗವನ್ನು ಅವರು ಹೆತ್ತ ಮಗಳಿಗೂ ತೋರಿಸಿರಲಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ಜಾಗ ಸೊಸೆಗೇ ಸೇರಬೇಕು, ಅದು ಆ ಮನೆಯ ಕಟ್ಟಳೆ. ಆ ದಿನ ಮೊದಲ ಸಲ ನನ್ನನ್ನು ಕರೆದುಕೊಂಡು ಹೊರಟರು.

ಹಳ್ಳದ ಅಂಚಿನಲ್ಲಿ ಹತ್ತುತ್ತಾ ದಾರಿಯುದ್ದಕ್ಕೂ ಪಾಠ.

“ದಂಗ್ವಿ, ನಾಯಿದಂಗ್ವಿ, ಎರಡೂ ಅವಳಿ ಮಕ್ಕಳ ಥರ ಕಣೇ. ಎಲೆ ಕವಲೊಡೆಯೋ ಗೆಣ್ಣು ನೋಡು. ಅಲ್ಲಿ ಕೆಂಪು ಚುಕ್ಕೆ ಇದ್ರೆ ಅದು ನಾಯಿದಂಗ್ವಿ. ಹೊಟ್ಟೆಗೆ ಹೋದ್ರೆ ನಾಲಿಗೆ ಮರಗಟ್ಟುತ್ತೆ, ಆಮೇಲೆ ಉಸಿರು.”

“ಬೇರು ನೋಡಿದ್ರೆ ಗೊತ್ತಾಗಲ್ವಾ ಅತ್ತೆ?”

“ಮೂಸಿದ್ರೆ ಗೊತ್ತಾಗುತ್ತೆ. ಆದ್ರೆ ನಾಲ್ಕು ದಂಗ್ವಿ ಕಿತ್ತ ಮೇಲೆ ಕೈಯೆಲ್ಲಾ ಅದೇ ಘಮ. ಆಗ ನಿನ್ನ ಗಂಡನ ಕಾಲುಚೀಲ ಮೂಸಿದ್ರೂ ದಂಗ್ವಿನೇ!”

ನಾನು ಬಾಯಿಗೆ ತೋಳು ಅಡ್ಡ ಹಿಡಿದು ನಕ್ಕೆ.

ಜಾಗ ತಲುಪಿದ ಮೇಲೆ ಅತ್ತೆ ಕುಕ್ಕರುಗಾಲಿನಲ್ಲಿ ಕೂತು ಕಿರುಗುದ್ದಲಿಯಿಂದ ಅಗೆಯತೊಡಗಿದರು. ಬೇರು ಬಂದ ಕೂಡಲೇ ಎಲೆಯನ್ನು ತಿರುಚಿ ಎಸೆಯುತ್ತಿದ್ದರು. ಇಲ್ಲದಿದ್ದರೆ ಬಾಡುವ ಎಲೆ ಬೇರಿನ ಸತ್ವವನ್ನೆಲ್ಲ ಹೀರುತ್ತದಂತೆ. ಬೇರು ಬೆನ್ನಿನ ಹಗ್ಗದ ಚೀಲಕ್ಕೆ ಬೀಳುತ್ತಿತ್ತು. ಎಲೆಯ ಆಕಾರ ನೆನಪಿರಲಿ ಎಂದು ಅವರು ಎಸೆದದ್ದನ್ನು ನಾನು ಹಿಂದಿನಿಂದ ಹೆಕ್ಕುತ್ತಾ ಬಂದೆ. ಆರನೆಯ ಎಲೆಯ ಗೆಣ್ಣಿನಲ್ಲಿ ಸೂಜಿ ಚುಚ್ಚಿ ರಕ್ತ ಬಂದ ಹಾಗೆ ಒಂದು ಕೆಂಪು ಚುಕ್ಕೆ.

ಅತ್ತೆಯ ಕಡೆ ನೋಡಿದೆ. ಮುಖ ನೆಲಕ್ಕೆ ತಾಗುವಷ್ಟು ಬಗ್ಗಿ, ಬೆರಳಿನಿಂದ ತಡವುತ್ತಿದ್ದರು. ಆ ಚಳಿಗಾಲವೆಲ್ಲ ಸೂಜಿಗೆ ದಾರ ನನ್ನ ಕೈಯಿಂದಲೇ ಪೋಣಿಸಿಕೊಂಡಿದ್ದರು. “ನಿನ್ನ ಕೈ ಹಗುರ” ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಹಿಗ್ಗಿದ್ದೆ.

“ಅತ್ತೆ, ಈ ಎಲೆ ಒಂದ್ಸಲ ನೋಡ್ತೀರಾ?”

ಅವರು ಅದನ್ನು ಮೂಗಿನ ಹತ್ತಿರ ಹಿಡಿದರು. “ಏನಾಗಿದೆ ಇದಕ್ಕೆ? ಚೆನ್ನಾಗೇ ಇದೆಯಲ್ಲ. ಮೊನ್ನೆ ಬಂದೋಳು ನಂಗೇ ಪಾಠ ಹೇಳ್ತೀಯಾ?”

ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆಯ ಮಾತಿಗೆ ಸೊಸೆ ಎರಡನೆಯ ಸಲ ಎದುರಾಡುವ ಕಾಲವಲ್ಲ ಅದು. ಆಡಿದರೂ, ಐದೂರು ನಂಬಿದ ಕಣ್ಣು ಹೋಗಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳದಿದ್ದರೆ ನಾಳೆ ಮಾಲ್‌ಸುನ್ ಅದನ್ನೇ ಕುಡಿಯುತ್ತಾಳೆ. ಚೀಲದಲ್ಲಿ ಒಂಬತ್ತು ಬೇರು. ಮಣ್ಣು ಮೆತ್ತಿಕೊಂಡು ಎಲ್ಲವೂ ಒಂದೇ ಥರ, ಮೂಸಿದರೂ ಒಂದೇ ಘಮ. ಕೆಟ್ಟದ್ದೊಂದನ್ನೇ ಕದ್ದು ತೆಗೆಯೋಣ ಎಂದರೆ ಯಾವುದೆಂದು ತೆಗೆಯಲಿ?

ಇಳಿಯುವಾಗ ಹಳ್ಳ ದಾಟುವ ಕಲ್ಲುಗಳ ಹತ್ತಿರ, “ಚೀಲ ನಾನು ಹೊರ್ತೀನಿ ಕೊಡಿ ಅತ್ತೆ” ಎಂದೆ. ಕೊಟ್ಟರು. ನಡುಹಳ್ಳದಲ್ಲಿ, ನೀರು ಜೋರಾಗಿ ಸುತ್ತುವ ಕಡೆ, ಹಗ್ಗವನ್ನು ಹೆಗಲಿಂದ ಜಾರಿಸಿ ನಾನೂ ದೊಪ್ಪೆಂದು ನೀರಲ್ಲಿ ಕೂತೆ. ಚೀಲ ಎರಡು ಸಲ ಮಗುಚಿ ಬಂಡೆಗಳ ನಡುವೆ ಕಾಣದಾಯಿತು.

“ಅಯ್ಯೋ ನಿನ್ನ ಕೈ ಬಿದ್ದುಹೋಗ! ಅಲ್ಲಿ ನನ್ನ ಮಗಳು ಒಣಗ್ತಾ ಇದಾಳೆ, ಇಲ್ಲಿ ನೀನು ಸ್ನಾನಕ್ಕೆ ಕೂತ್ಯಾ? ಏಳು, ಏಳೇ!”

ದಡಕ್ಕೆ ಎಳೆದುಕೊಂಡು ಬೈಯುತ್ತಲೇ ನನ್ನ ಲಂಗದ ನೀರು ಹಿಂಡಿದರು. ಹಿಂಡುತ್ತಾ ಹಿಂಡುತ್ತಾ ಬೈಗುಳ ನಿಂತಿತು.

“ತಲೆ ಮೇಲೆ ಕೊಡ ಹೊತ್ಕೊಂಡು ಈ ಕಲ್ಲುಗಳ ಮೇಲೆ ದಿನಾ ಓಡಾಡ್ತೀಯ. ಒಂದ್ ಹನಿ ಚೆಲ್ಲಿದ್ದು ನಾನು ಕಾಣೆ.”

ನಾನು ತಲೆ ತಗ್ಗಿಸಿದೆ.

“ಆ ಎಲೆ ಎಲ್ಲಿ?”

ಸೊಂಟದಿಂದ ತೆಗೆದು ಕೊಟ್ಟೆ. ಈ ಸಲ ಅವರು ನೋಡಲು ಹೋಗಲಿಲ್ಲ. ಗೆಣ್ಣಿನ ಮೇಲೆ ಹೆಬ್ಬೆರಳಾಡಿಸಿದರು, ಬಹಳ ಹೊತ್ತು. ಆಮೇಲೆ ಎಲೆಯನ್ನು ನೀರಿಗೆ ಬಿಟ್ಟರು.

“ಹೊತ್ತಿನ್ನೂ ಇದೆ, ಮೇಲೆ ಹೋಗು. ನಾನು ಈ ಬಂಡೆ ಮೇಲೆ ಕೂತಿರ್ತೀನಿ. ಮಂಡಿ ನೋಯ್ತಾ ಇದೆ. ಎಲೆ ತಿರುಚಬೇಡ, ಬೇರಿನ ಜೊತೇಲೇ ತಾ.”

ಒದ್ದೆ ಬಟ್ಟೆಯಲ್ಲೇ ಹತ್ತಿ ಏಳು ಬೇರು ಕಿತ್ತು ತಂದೆ. ಅವರು ಒಂದೊಂದನ್ನೇ ಕೈಗೆ ತೆಗೆದುಕೊಂಡು ಕೇಳಿದರು.

“ಗೆಣ್ಣು ಯಾವ ಬಣ್ಣ?”

“ಹಸಿರು ಅತ್ತೆ.”

“ಸರಿಯಾಗಿ ನೋಡು.”

“ಹಸಿರೇ.”

ಆಮೇಲೆಯೇ ಎಲೆ ತಿರುಚಿದರು. ಏಳಕ್ಕೂ ಹಾಗೆಯೇ.

ಮಾಲ್‌ಸುನ್ ಚೇತರಿಸಿಕೊಂಡಳು. ಮಗುವಿಗೆ ನೂರು ದಿನ ತುಂಬಿದ ಮೇಲೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ತವರಿಗೆ ಬಂದವಳು ಬಾಗಿಲಲ್ಲೇ ಶುರು ಮಾಡಿದಳು. “ಅತ್ತಿಗೆ, ನನ್ನ ಔಷಧಿನ ಮೀನಿಗೆ ಕುಡಿಸಿಬಿಟ್ರಂತೆ? ಪಾಪ, ಅವೂ ಹೆತ್ತಿದ್ವಾ?” ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರು. ನಾನೂ ನಕ್ಕೆ.

“ಸಾಕು ಬಾಯ್ಮುಚ್ಚೇ,” ಎಂದರು ಅತ್ತೆ. “ನೀನು ಎದ್ದು ಓಡಾಡ್ತಿರೋದು ಅವಳು ಕಿತ್ತ ಬೇರಿಂದ.”

ಆಮೇಲೆ ಹನ್ನೊಂದು ವಸಂತ ನಾವಿಬ್ಬರೂ ಹಳ್ಳಕ್ಕೆ ಹೋದೆವು. ದಾರಿಯಲ್ಲಿ ಸಿಕ್ಕವರಿಗೆ ಅತ್ತೆ ಮಂಡಿ ಕೈಕೊಟ್ಟಿತು ಎನ್ನುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಅದೇ ಮಂಡಿಯಲ್ಲಿ ಅವರು ಸಂತೆಗೆ ನನಗಿಂತ ಮುಂದೆ ನಡೆಯುತ್ತಿದ್ದರು. ಅದೇಕೆಂದು ಯಾರೂ ಕೇಳಲಿಲ್ಲ. ಕೊನೆಯ ಎರಡು ವರ್ಷ ಅವರಿಗೆ ಬಂಡೆಯೇ ಕಾಣುತ್ತಿರಲಿಲ್ಲ. ಊರುಗೋಲಿನ ಒಂದು ತುದಿ ನಾನು ಹಿಡಿದು ಕೂರಿಸಿ ಬರುತ್ತಿದ್ದೆ.

ಅಲ್ಲಿ ಕೂತು ಅವರು ನೀರಿನ ಸದ್ದನ್ನು ಮೀರಿ ಕೂಗುತ್ತಿದ್ದರು, “ಯಾವ ಬಣ್ಣ?”

“ಹಸಿರು!”

ನೀರು ಏರಿದ ದಿನಗಳಲ್ಲಿ ಅವರ ದನಿ ನನಗೆ ಮುಟ್ಟುತ್ತಿರಲಿಲ್ಲ, ನನ್ನದು ಅವರಿಗೂ ಮುಟ್ಟುತ್ತಿರಲಿಲ್ಲವೇನೋ. ಆದರೂ ಪ್ರತಿ ಬೇರಿಗೆ ಗುದ್ದಲಿ ಇಡುವ ಮೊದಲು ನಾನು ಬಂಡೆಯ ಕಡೆ ತಿರುಗಿ ಕೂಗಿಯೇ ಅಗೆಯುತ್ತಿದ್ದೆ.