ಮುಕ್ಕಾಲು ಗಂಟೆಯ ಹಾರಾಟ

ಬೈಕ್ ಅಪಘಾತದಲ್ಲಿ ಮಾನಸಾಳ ಕಾಲುಗಳು ಸ್ವಾಧೀನ ತಪ್ಪಿದ ಮೇಲೆ ಅಂಕೋಲೆ ಬಳಿಯ ಅವಳ ಊರು ಬೆಳಂಬಾರದಲ್ಲಿ ಅವಳನ್ನು ಕಂಡು ಮರುಗದವರಿರಲಿಲ್ಲ. ಅವಳಿಗೆ ಮಾತ್ರ ಆ ಮರುಕ ಮೈಗೆ ಹತ್ತಲಿಲ್ಲ. ಅಪ್ಪ ರಾಮಾನ ದೋಣಿಯಲ್ಲಿ ಹೋಗಿ ಕಡಲಿಗಿಳಿದು, ಬರೀ ತೋಳಿನ ಬಲದಲ್ಲಿ ಈಜುವುದನ್ನು ಹೊಸದಾಗಿ ಕಲಿತಳು. ಕಾರವಾರದ ಕಚೇರಿಯೊಂದರಲ್ಲಿ ಕೆಲಸವೂ ಸಿಕ್ಕಿತು. ಈ ವರ್ಷ ಅಂಗವಿಕಲರ ಈಜು ಸ್ಪರ್ಧೆಗೆ ಮೊದಲ ಸಲ ಕರೆ ಬಂದಿತ್ತು.

ಸ್ಪರ್ಧೆಯ ಊರು ದೂರ. ಕಾರಿನಲ್ಲಿ ಹೋದರೆ ಹಗಲಿಡೀ ಕೂತಿರಬೇಕು. ಅಷ್ಟು ಕೂತರೆ ಬೆನ್ನು ಬಿಗಿದು ಮರುದಿನ ತೋಳೆತ್ತಲಾಗದು. ಆದರೆ ಅಂಕೋಲೆಯಿಂದ ಘಟ್ಟ ಹತ್ತಿದರೆ ಒಂದು ಸಣ್ಣ ವಿಮಾನ ನಿಲ್ದಾಣ, ಆ ಊರಲ್ಲೂ ಅಂಥದ್ದೇ ಇನ್ನೊಂದು. ನಡುವಿನ ಹಾರಾಟ ಮುಕ್ಕಾಲು ಗಂಟೆ. ತನಗೂ ತಮ್ಮ ರೋಷನನಿಗೂ ಟಿಕೆಟ್ ಮಾಡಿಸಿದಳು.

ನಿಲ್ದಾಣದ ಕೌಂಟರಿನವನು ಗಾಲಿಕುರ್ಚಿ ನೋಡಿದವನೇ ತಲೆಯಾಡಿಸಿದ. “ಸಣ್ಣ ವಿಮಾನ ಮೇಡಂ, ಮೆಟ್ಟಿಲು ಹತ್ತಿಯೇ ಹೋಗಬೇಕು. ನಿಮ್ಮನ್ನು ಹತ್ತಿಸುವ ವ್ಯವಸ್ಥೆ ಇಲ್ಲಿಲ್ಲ. ಕಾರಲ್ಲಿ ಹೋಗಿ, ರಾತ್ರಿಯೊಳಗೆ ಮುಟ್ತೀರಿ.”

“ಟಿಕೆಟ್ ಮಾಡೂವಾಗಲೇ ಗಾಲಿಕುರ್ಚಿ ಅಂತ ಹೇಳಿದ್ದೆ. ಆಗ್ತದೆ ಅಂದಿದ್ರಿ,” ಎಂದಳು ಮಾನಸಾ. ಅವನು ಬೋರ್ಡಿಂಗ್ ಪಾಸು ಕೊಟ್ಟ, ಹತ್ತಿಸುವ ಹೊಣೆ ಮಾತ್ರ ತಮ್ಮದಲ್ಲ ಎಂದ.

“ಅಕ್ಕಾ, ನಾ ಎತ್ಕಂಡು ಹೋಗ್ತೆ,” ಎಂದ ರೋಷನ.

“ಬ್ಯಾಡ. ಕುರ್ಚಿ ಮೆಟ್ಟಿಲ ಬುಡಕ್ಕೆ ತಕಂಡು ಬಾ, ಸಾಕು.”

ಅಲ್ಲಿ ಕುರ್ಚಿಯಿಂದ ಜಾರಿ, ವಿಮಾನಕ್ಕೆ ಬೆನ್ನು ಮಾಡಿ ಮೊದಲ ಮೆಟ್ಟಿಲ ಮೇಲೆ ಕೂತಳು. ಅಂಗೈ ಊರಿ ಮೈಯನ್ನು ಮೇಲಿನ ಮೆಟ್ಟಿಲಿಗೆ ಎತ್ತಿಕೊಂಡಳು. ಮತ್ತೆ ಊರಿದಳು, ಮತ್ತೆ ಎತ್ತಿದಳು. ಗಗನಸಖಿ ಗಾಬರಿಯಿಂದ ಅಡ್ಡ ಬಂದಾಗ “ದಾರಿ ಬಿಡಿ” ಎಂದಷ್ಟೇ ಹೇಳಿದಳು. ಸೀಟು ಸೇರುವಾಗ ಬಟ್ಟೆಯೆಲ್ಲ ಧೂಳಾಗಿತ್ತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಅವಳ ಮೈಯೆಲ್ಲ ಉರಿಯಿತು. ತಾನು ಆಟ ತೋರಿಸಲು ಹತ್ತಿದ್ದಲ್ಲ.

ಮರುದಿನ ಕೊಳದಲ್ಲಿ ಎರಡನೆಯವಳಾಗಿ ದಡ ಮುಟ್ಟಿದಳು.

ವಾಪಸು ಹೊರಟಾಗ ಸುದ್ದಿ ಅವಳಿಗಿಂತ ಮೊದಲೇ ಆ ಊರಿನ ನಿಲ್ದಾಣ ತಲುಪಿತ್ತು. ವಿಮಾನದ ಬುಡದಲ್ಲಿದ್ದ ಮೇಲ್ವಿಚಾರಕ ನಗುತ್ತಲೇ ಹೇಳಿದ: “ಬರುವಾಗ ನೀವೇ ಹತ್ತಿದ್ದಿರಂತೆ. ಇವತ್ತೂ ಹಾಗೇ ಮಾಡಿಬಿಡಿ.”

ಮಾನಸಾ ಕುರ್ಚಿಯನ್ನು ಮೆಟ್ಟಿಲಿಗೆ ಅಡ್ಡ ನಿಲ್ಲಿಸಿ ಬ್ರೇಕು ಹಾಕಿದಳು. “ಆವತ್ತು ಈಜೂದಿತ್ತು, ಹತ್ತಿದೆ. ಇವತ್ತು ಹತ್ತೂದಿಲ್ಲ. ಹತ್ತಿಸೂದು ನಿಮ್ಮ ಕೆಲಸ.”

ಹಿಂದಿದ್ದವರು ಗೊಣಗಿದರು. ರೋಷನ ಬಗ್ಗಿ ಪಿಸುಗುಟ್ಟಿದ, “ಅಕ್ಕಾ, ಎಲ್ಲರಿಗೂ ತಡ ಆಗ್ತದೆ.”

“ಆಗ್ಲಿ.”

ಮೇಲ್ವಿಚಾರಕನ ನಗು ಆರಿತು. ದೂರ ಹೋಗಿ ಫೋನಿನಲ್ಲಿ ಯಾರೊಂದಿಗೋ ಮಾತಾಡಿದ, ಬಂದು ಬೇಡಿಕೊಂಡ, ಮತ್ತೆ ಫೋನು ಹಿಡಿದ. ಅವಳು ಕದಲಲಿಲ್ಲ. ಕೊನೆಗೆ ಶೆಡ್ಡಿನ ಕಡೆಯಿಂದ ಇಬ್ಬರು ಗಾಲಿಕುರ್ಚಿ ಹತ್ತಿಸುವ ಇಳಿಜಾರೊಂದನ್ನು ತಳ್ಳಿಕೊಂಡು ಬಂದರು. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಕೂಡ ಯಾರೂ ಈವರೆಗೆ ಬಿಚ್ಚಿರಲಿಲ್ಲ.

ಅವರು ಬಿಚ್ಚಿ ಮುಗಿಸುವ ತನಕ ಮಾನಸಾ ಕಾದಳು. ಆಮೇಲೆ ಬ್ರೇಕು ಸಡಿಲಿಸಿ, ತನ್ನ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಮೇಲೆ ಹೋದಳು.