ಇಬ್ಬರು ಹೇಳಿದ ಮಾತು

ಕೊರಳ ಗುಂಡಿ ಕಾಜದೊಳಗೆ ಹೋಗುತ್ತಿರಲಿಲ್ಲ. ಮಗಳು ಎರಡೂ ಕೈಯಲ್ಲಿ ಪ್ರಯತ್ನಿಸಿದಳು, ಆಮೇಲೆ ಅಪ್ಪನ ಗದ್ದವನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿ ಇನ್ನೊಮ್ಮೆ ಪ್ರಯತ್ನಿಸಿದಳು. ಗದ್ದ ತಣ್ಣಗಿತ್ತು, ಬೆಳಗಿನ ಚಳಿಯಲ್ಲಿ ಹೊರಗೆ ಬಿಟ್ಟ ಕುರ್ಚಿಯ ಹಾಗೆ.

"ಬಿಡೇ, ಹಾಗೇ ಇರ್ಲಿ. ಇನ್ನು ಯಾವ ಆಫೀಸಿಗೆ ಹೋಗ್ಬೇಕು," ಎಂದರು ಚಿಕ್ಕಪ್ಪ.

"ಮೇಲಿನ ಗುಂಡಿ ಹಾಕದೆ ಅಪ್ಪ ಯಾವತ್ತೂ ಹೊರಗೆ ಹೋದೋರಲ್ಲ."

"ಅದೇನೋ ನಿಜ. ಮದುವೆ ಫೋಟೋದಲ್ಲೂ ಯಾರೋ ಕತ್ತು ಹಿಡಿದಿರೋ ಥರಾನೇ ನಿಂತಿದಾನೆ."

ಗುಂಡಿ ಕೂತಿತು. ಒಂದು ಕೆಲಸ ಮುಗಿಯಿತು ಎಂಬುದರ ಹೊರತು ಅವಳಿಗೆ ಬೇರೇನೂ ಅನ್ನಿಸಲಿಲ್ಲ. ಬೆಳಿಗ್ಗೆಯಿಂದ ಹೀಗೇ ಇತ್ತು. ದಂತವೈದ್ಯರ ಸೂಜಿ ಚುಚ್ಚಿಸಿಕೊಂಡ ಮೇಲೆ ತುಟಿ ತನ್ನದೇ ಎಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತದಲ್ಲ, ಅವಳು ಮನೆಯನ್ನೆಲ್ಲ ಹಾಗೆ ಮುಟ್ಟಿ ನೋಡುತ್ತಾ ಓಡಾಡುತ್ತಿದ್ದಳು.

ಮೇಲಿನ ಮಹಡಿಯ ಎಕ್ಸ್‌ಚೇಂಜ್ ಆಂಟಿ ಚಹಾದ ಫ್ಲಾಸ್ಕ್ ಹಿಡಿದು ಬಂದರು. ಆಯುಷ್ಯದ ಬಹುಪಾಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಇವರಿಗೆ ಅವರನ್ನು ಅವರಿಗೆ ಇವರನ್ನು ಜೋಡಿಸಿದವರು. ಎಕ್ಸ್‌ಚೇಂಜ್ ಮುಚ್ಚಿ ಎಷ್ಟೋ ಕಾಲವಾಗಿತ್ತು; ಆಂಟಿ ಮಾತ್ರ ಮುಚ್ಚಿರಲಿಲ್ಲ.

"ಕುಡಿ ಮೊದ್ಲು. ಹೊಟ್ಟೆಗೇನೂ ಹಾಕ್ಕೊಂಡಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ಪಕ್ಕದಲ್ಲೇ ಇದ್ದೆ ಅಲ್ವೇನೇ?"

ಮಗಳು ಲೋಟ ನೋಡಿದಳು.

"ಇದ್ದೇ ಇರ್ತೀಯ, ನೀನೆಲ್ಲಿ ಹೋಗ್ತೀಯ. ಏನಾದ್ರೂ ಹೇಳಿದ್ರಾ ಕೊನೇಲಿ?" ಉತ್ತರಕ್ಕೆ ಕಾಯದೆ ಆಂಟಿಯೇ ಮುಂದುವರಿಸಿದರು. "ಮಗನ್ನ ಕೇಳಿರ್ಬೇಕು. ಎಷ್ಟೇ ಆಗ್ಲಿ ಅಪ್ಪನ ಕರುಳು. ಮಗ ಬಂದ್ನಾ ಅಂತ ಕೇಳಿದ್ರಾ?"

"ಹೂಂ," ಎಂದಳು ಮಗಳು. ಮಾತು ಅಲ್ಲಿಗೆ ನಿಲ್ಲಲಿ ಎಂದು.

ನಡೆದದ್ದು ಇಷ್ಟು: ಅವಳು ಒಗೆದ ಬಟ್ಟೆ ಹರವಲು ತಾರಸಿಗೆ ಹೋಗಿದ್ದಳು. ಹರವಿಯಾದ ಮೇಲೂ ಬಿಸಿಲು ಹಿತವಾಗಿದೆಯೆಂದು ಕಣ್ಣು ಮುಚ್ಚಿ ನಿಂತಿದ್ದಳು. ಕೆಳಗೆ ಬಂದಾಗ ಅಪ್ಪ ಕುರ್ಚಿಯಲ್ಲೇ ಇದ್ದರು. ಕನ್ನಡಕ ಮೂಗಿನ ಮೇಲೇ ಇತ್ತು. ಅವಳು ಎರಡು ಸಲ ಕರೆದಳು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಮೆಟ್ಟಿಲಿಳಿದು ಗೇಟಿನ ಬಳಿ ಹೋಗಿ ಸಿಗರೇಟು ಸೇದಿ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತು ಕೇಳಿದರು: "ಅಲ್ವೇ, 'ಮಗ ಬಂದ್ನಾ' ಅಂತ ಕೇಳಿದ್ನಂತೆ ನಿಮ್ಮಪ್ಪ. ಒಡಹುಟ್ಟಿದ ತಮ್ಮ ನಾನು, ನಂಗೇ ಹೇಳ್ಲಿಲ್ವಲ್ಲ ನೀನು?"

"ಯಾರು ಹೇಳಿದ್ರು?"

"ಯಾರು ಹೇಳೋದೇನು. ಕೆಳಗೆ ಎಲ್ರಿಗೂ ಗೊತ್ತು."

❖

ಅಪ್ಪ ವಿಶ್ವಕೋಶದ ಕಚೇರಿಯಲ್ಲಿ ಪರಿಶೀಲಕರಾಗಿದ್ದರು. ಲೇಖನ ಬರೆಯುವವರು ವಿದ್ವಾಂಸರು. ಅವರ ಹೆಸರು ಲೇಖನದ ಕೊನೆಯಲ್ಲಿ ಬರುತ್ತಿತ್ತು. ಪರಿಶೀಲಕರ ಹೆಸರು ತಪ್ಪು ಸಿಕ್ಕಾಗ ಮಾತ್ರ ಕೇಳಿಬರುತ್ತಿತ್ತು. ಆ ಕಚೇರಿಯ ನಿಯಮ ಒಂದೇ: ಯಾವ ಸಂಗತಿಯನ್ನೇ ಆಗಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ ಇಬ್ಬರು ಹೇಳಿರಬೇಕು. ಒಬ್ಬರು ಹೇಳಿದರೆ ಅದು ಅಭಿಪ್ರಾಯ, ಇಬ್ಬರು ಹೇಳಿದರೆ ಜ್ಞಾನ. ವಿದ್ವಾಂಸರು ಎಂಥ ಸಾಲು ಬರೆದು ತಂದರೂ ಅಪ್ಪ ಕನ್ನಡಕದ ಮೇಲಿನಿಂದ ನೋಡಿ, "ಇನ್ನೊಂದೆಲ್ಲಿ?" ಎನ್ನುತ್ತಿದ್ದರು. ಬೆನ್ನ ಹಿಂದೆ ಅದೇ ಅವರ ಹೆಸರಾಯಿತು. "ಇನ್ನೊಂದೆಲ್ಲಿ ಇವತ್ತು ರಜಾನಾ?" ಎಂದು ಜವಾನನೂ ಕೇಳುತ್ತಿದ್ದ.

ಮಕ್ಕಳು ಚಿಕ್ಕವರಿದ್ದಾಗ ಒಂದು ಸಂಜೆ ಅವರು ನಗುತ್ತಾ ಮನೆಗೆ ಬಂದರು. ಅಪ್ಪ ನಗುವುದೇ ಅಪರೂಪವಾದ್ದರಿಂದ ಅಮ್ಮ ಒಲೆ ಆರಿಸಿ ಬಂದಳು.

"ಒಂದು ಜಲಪಾತದ ಎತ್ತರ ಕಣೇ. ಎರಡು ಪುಸ್ತಕದಲ್ಲೂ ಒಂದೇ ಅಂಕಿ ಇತ್ತು, ನಾನೂ ಸಹಿ ಹಾಕ್ದೆ. ಈಗ ನೋಡ್ತೀನಿ, ಇಬ್ರೂ ಅದನ್ನ ತಗೊಂಡಿರೋದು ನಮ್ಮ ಹಳೇ ಆವೃತ್ತಿಯಿಂದಾನೇ! ನಮ್ಮ ಎಂಜಲನ್ನ ನಮಗೇ ಬಡಿಸಿದಾರೆ."

"ಹಾಗಾದ್ರೆ ನಿಜವಾದ ಎತ್ತರ ಎಷ್ಟು?"

"ಯಾರಿಗೆ ಗೊತ್ತು?" ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಚ್ಚಾಗಿ ಹೋಗಿದೆ. ಈಗ ಮೂರು ಕಡೆ ಇದೆ. ಇನ್ನು ಅದನ್ನ ಕೆಳಗಿಳಿಸೋಕೆ ಆ ಜಲಪಾತಕ್ಕೂ ಸಾಧ್ಯವಿಲ್ಲ."

❖

ಮಗಳ ತಮ್ಮ ಬಂದದ್ದು ಮಧ್ಯಾಹ್ನ. ಲಿಫ್ಟ್ ರಿಪೇರಿ ಕಂಪನಿಯ ನೀಲಿ ಅಂಗಿಯಲ್ಲೇ ಬಂದಿದ್ದ. ಮೊಣಕೈ ಹತ್ತಿರ ಗ್ರೀಸಿನ ಕಲೆ. ಎಷ್ಟೋ ವರ್ಷಗಳ ನಂತರ ಈ ಮನೆಗೆ ಕಾಲಿಟ್ಟವನು ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು, ಆಮೇಲೆ ಅಪ್ಪನನ್ನು. ಅಪ್ಪನ ಪಾದದ ಬಳಿ ಸ್ವಲ್ಪ ಹೊತ್ತು ನಿಂತ. ಅಳಲಿಲ್ಲ. ಅಳುತ್ತಾನೇನೋ ಎಂದು ಕಾಯುತ್ತಿದ್ದವರು ಮೆಲ್ಲಗೆ ಬೇರೆ ಕಡೆ ತಿರುಗಿದರು.

"ಕೇಳಿದ್ರಪ್ಪಾ ನಿನ್ನ," ಎಂದು ಎಕ್ಸ್‌ಚೇಂಜ್ ಆಂಟಿ ಅವನ ತೋಳು ಹಿಡಿದರು. "ಕೊನೇ ಉಸಿರಲ್ಲಿ. 'ಮಗ ಬಂದ್ನಾ' ಅಂದ್ರು. ಅಷ್ಟೇ ಅಂದಿದ್ದು."

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಇದ್ದ 'ಅಂತೆ' ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಉದುರಿಹೋಗಿತ್ತು.

"ಹೂಂ ಕಣೋ," ಎಂದರು ಚಿಕ್ಕಪ್ಪ. "ನಾನೂ ಕೇಳ್ದೆ."

ತಮ್ಮ ಇಬ್ಬರನ್ನೂ ನೋಡಿದ. ಆ ನೋಟ ಕನ್ನಡಕವಿಲ್ಲದಿದ್ದರೂ ಕನ್ನಡಕದ ಮೇಲಿನಿಂದ ಬಂದ ಹಾಗಿತ್ತು. ಅಡುಗೆಮನೆಯ ಕಡೆ, ಅಕ್ಕನಿದ್ದಲ್ಲಿಗೆ ನಡೆದ.

❖

ಅವನು ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆದನೆಂದು ಹಿಡಿದರು. ಗಣಿತದ ಮೇಷ್ಟ್ರು ಕಂಡೆ ಎಂದರು. ಅದೇ ಕೋಣೆಯ ಕಾವಲಿಗಿದ್ದ ಡ್ರಾಯಿಂಗ್ ಮೇಷ್ಟ್ರೂ ಕಂಡೆ ಎಂದರು. ಅಪ್ಪ ಕೊರಳ ಗುಂಡಿ ಹಾಕಿಕೊಂಡು ಶಾಲೆಗೆ ಹೋಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ ಬಂದರು.

"ಇಬ್ಬರು ಹೇಳ್ತಿದಾರೆ," ಎಂದರು ಮನೆಗೆ ಬಂದು.

"ನಾನು ನೋಡಿ ಬರೆದಿಲ್ಲಪ್ಪ. ಆ ಚೀಟಿ ನನ್ನದಲ್ಲ."

"ನೀನು ಒಬ್ಬ."

"ನಾನು ಮಾಡಿದ್ದು ಬಿಟ್ಟಿದ್ದು ನಂಗೆ ಗೊತ್ತಿರಲ್ವಾ?"

"ಯಾರ ಬಗ್ಗೆ ಲೇಖನವೋ ಅವರ ಮಾತನ್ನೇ ನಾವು ತಗೊಳಲ್ಲ," ಎಂದರು ಅಪ್ಪ. ಗದರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ವಿವರಿಸುವ ಹಾಗೆ ಹೇಳಿದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು ಎಂದು ಅಮ್ಮ ಸಾಯುವ ತನಕ ಹೇಳುತ್ತಿದ್ದಳು.

ಜಲಪಾತದ ಮೇಲೆ ಬಂದ ಅನುಮಾನ ಮೇಷ್ಟ್ರುಗಳ ಮೇಲೂ ಬರಬಹುದಿತ್ತು; ಬರಲಿಲ್ಲ. ಹುಡುಗನನ್ನು ಶಾಲೆಯಿಂದ ತೆಗೆದರು. ಅವನು ಮನೆಯಲ್ಲಿ ಮಾತು ಬಿಟ್ಟ, ಮೀಸೆ ಬರುವ ಹೊತ್ತಿಗೆ ಮನೆಯನ್ನೂ ಬಿಟ್ಟ. ಊರಿನ ಇನ್ನೊಂದು ತುದಿಯಲ್ಲಿ ಲಿಫ್ಟುಗಳ ನೆತ್ತಿಯ ಮೇಲೆ ಕೂತು ಕೆಲಸ ಕಲಿತ. ಆಗೊಮ್ಮೆ ಈಗೊಮ್ಮೆ ಅಕ್ಕ ಕೆಲಸ ಮಾಡುವ ಕನ್ನಡಕದಂಗಡಿಗೆ ಬಂದು, ಹೊಸ ಫ್ರೇಮುಗಳನ್ನು ಒಂದೊಂದಾಗಿ ಹಾಕಿ ತೆಗೆದು, "ಚೆನ್ನಾಗಿದೀಯಾ?" ಎಂದಷ್ಟೇ ಕೇಳಿ ಹೋಗುತ್ತಿದ್ದ.

❖

ಅಡುಗೆಮನೆಯ ಬಾಗಿಲನ್ನು ಅವನು ಅರ್ಧ ಸರಿಸಿದ.

"ಚಿಕ್ಕಪ್ಪಂಗೆ ಯಾರು ಹೇಳಿದ್ದು?"

"ಕೆಳಗಿನವರು."

"ಕೆಳಗಿನವರಿಗೆ?"

"ಆಂಟಿ."

"ಆಂಟಿಗೆ?"

ಅವಳು ನಲ್ಲಿ ತಿರುಗಿಸಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದಳು. "ನಾನು."

"ನೀನಿದ್ದೆ ಪಕ್ಕದಲ್ಲಿ."

ಇದ್ದೆ ಎಂದರೆ ಮುಗಿಯುತ್ತಿತ್ತು. ಇವನು ನಂಬಲು ತಯಾರಾಗಿ ನಿಂತಿದ್ದಾನೆಂಬುದು ಅವಳಿಗೆ ಕಾಣುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಭುಜ ಕೆಳಗಿಳಿದಿತ್ತು.

"ಇರ್ಲಿಲ್ಲ," ಎಂದಳು. "ತಾರಸೀಲಿದ್ದೆ. ಬಿಸಿಲು ಚೆನ್ನಾಗಿತ್ತು ಅಂತ ನಿಂತಿದ್ದೆ. ಬಂದು ನೋಡಿದ್ರೆ ಆಗೋಗಿತ್ತು. ಆಂಟಿ ಕೇಳಿದ್ರು, ಹೂಂ ಅಂದ್ಬಿಟ್ಟೆ."

ಅವನು ಫ್ರಿಜ್ಜಿಗೆ ಒರಗಿದ. ಫ್ರಿಜ್ಜು ಗುಂಯ್‌ಗುಟ್ಟಿ ಸುಮ್ಮನಾಯಿತು.

"ಹಾಗಾದ್ರೆ ಏನೂ ಹೇಳಿಲ್ಲ."

"ಹೇಳಿದ್ರೂ ಕೇಳೋಕೆ ಯಾರೂ ಇರ್ಲಿಲ್ಲ."

ಹೊರಗೆ ಯಾರೋ ಕುರ್ಚಿ ಎಳೆದರು. ಅವಳು ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು, ತಿರುಗದೆಯೇ ಹೇಳಿದಳು: "ಆ ಡ್ರಾಯಿಂಗ್ ಮೇಷ್ಟ್ರು ನಮ್ಮ ಅಂಗಡಿಗೆ ಬಂದಿದ್ರು, ಹೋದ ವರ್ಷ. ಅಪ್ಪನೂ ಇದ್ರು ಅಲ್ಲಿ, ಕನ್ನಡಕದ ಸ್ಕ್ರೂ ಬಿಗಿ ಮಾಡಿಸ್ಕೊಳೋಕೆ ಬಂದಿದ್ರು. ಇಬ್ರೂ ಗುರುತು ಹಿಡಿದ್ರು. ಮೇಷ್ಟ್ರು ತಾವಾಗೇ ಹೇಳಿದ್ರು. 'ನಾನು ಆವತ್ತು ಕೋಣೇಲೇ ಇರ್ಲಿಲ್ಲ ಸಾರ್, ಟೀ ಕುಡಿಯೋಕೆ ಹೋಗಿದ್ದೆ. ಗಣಿತದವರು ಹೀಗೆ ಹೀಗೆ ಅಂದ್ರು, ನಾನೂ ಹೂಂ ಅಂದೆ. ಕಾವಲು ಬಿಟ್ಟು ಹೋಗಿದ್ದೆ ಅಂತ ಹೇಳೋಕಾಗುತ್ತಾ?' ಅಂತ."

ತಮ್ಮ ಕೈಚಾಚಿ ಬಾಗಿಲನ್ನು ಪೂರ್ತಿ ಮುಚ್ಚಿದ.

"ಅಪ್ಪ ಆವತ್ತು ಊಟ ಮಾಡ್ಲಿಲ್ಲ. 'ಅವನಿಗೆ ಫೋನ್ ಮಾಡಿ' ಅಂದೆ. 'ಈಗ್ಲೇ ಬೇಡ, ನೀನೂ ಹೇಳ್ಬೇಡ, ಖಚಿತ ಆಗ್ಲಿ' ಅಂದ್ರು."

"ಏನು ಖಚಿತ ಆಗ್ಬೇಕಿತ್ತು?"

"ಮೇಷ್ಟ್ರು ಕೋಣೇಲಿ ಇರ್ಲಿಲ್ಲ ಅಂತ ಮೇಷ್ಟ್ರೊಬ್ಬರೇ ಹೇಳ್ತಿದಾರಲ್ಲ." ಅವಳು ಈಗ ತಿರುಗಿದಳು. "ಗಣಿತದವರು ಸತ್ತಿದ್ರು. ಅದಕ್ಕೆ ಅಪ್ಪ ಆವತ್ತು ಟೀ ಕೊಟ್ಟವನನ್ನ ಹುಡುಕ್ತಿದ್ರು."

ತಮ್ಮ ಅವಳನ್ನೇ ನೋಡಿದ. "ಸ್ಕೂಲ್ ಎದುರಿನ ಟೀ ಅಂಗಡಿಯವನನ್ನ?"

"ಅಂಗಡಿ ಈಗಿಲ್ಲ. ಅವನ ಅಳಿಯ ಎಲ್ಲೋ ಟೈರ್ ಅಂಗಡಿ ಇಟ್ಟಿದಾನೆ ಅಂತ ಯಾರೋ ಹೇಳಿದ್ರು. ಬಸ್ಸು ಹತ್ತಿ ಎರಡು ಮೂರು ಸಲ ಹೋಗಿ ಬಂದ್ರು."

"ಸಿಕ್ಕಿದ್ನಾ?"

"ಇಲ್ಲ."

ಅವನ ಬಾಯಿ ನಗುವಿಗೆ ಹೊರಟ ಹಾಗೆ ಅಗಲವಾಯಿತು, ಎಲ್ಲಿಗೂ ತಲುಪಲಿಲ್ಲ. "ಒಂದು ಫೋನ್ ಮಾಡೋದಕ್ಕೆ," ಎಂದ. ಆಮೇಲೆ, "ಟೀ ಕೊಟ್ಟವನನ್ನ," ಎಂದ.

❖

ವ್ಯಾನ್ ಬಂತು. ಲಿಫ್ಟಿನ ಬಾಗಿಲು ತೆಗೆದು ಹಿಡಿದಿದ್ದ ಚಿಕ್ಕಪ್ಪನಿಗೆ ತಮ್ಮ ಹೇಳಿದ: "ಮುಚ್ಚಿ ಚಿಕ್ಕಪ್ಪ. ಇದು ನಿಂತಿರೋರಿಗೆ ಮಾತ್ರ." ಮೆಟ್ಟಿಲಿನಲ್ಲೇ ಇಳಿಸಿದರು. ತಮ್ಮ ತಲೆಯ ಕಡೆ ಹಿಡಿದಿದ್ದ. ಪ್ರತಿ ತಿರುವಿನಲ್ಲೂ, ಯಾವುದೋ ಯಂತ್ರದ ಭಾಗವನ್ನು ಇಳಿಸುವವನ ಎಚ್ಚರದಲ್ಲಿ, "ನಿಧಾನ, ಎಡಕ್ಕೆ, ಎಡಕ್ಕೆ," ಎನ್ನುತ್ತಿದ್ದ.

ಕೆಳಗೆ ವಿಶ್ವಕೋಶದ ಸಂಪಾದಕರು ಕಾಯುತ್ತಿದ್ದರು. ನಿವೃತ್ತರಾದ ಮೇಲೂ ಸಂಪಾದಕರೆಂದೇ ಕರೆಯಿಸಿಕೊಳ್ಳುವ, ಬಿಳಿ ಗಡ್ಡದ, ಮೆದು ದನಿಯ ಮನುಷ್ಯ. ಅಪ್ಪನನ್ನು ವ್ಯಾನಿನೊಳಗೆ ಇಟ್ಟು ತಮ್ಮ ಕೈ ಕೊಡವಿಕೊಳ್ಳುತ್ತಿದ್ದಾಗ ಹತ್ತಿರ ಬಂದರು. ಸುತ್ತ ಆಂಟಿ, ಚಿಕ್ಕಪ್ಪ, ಕಚೇರಿಯ ಹಳಬರು, ಮಹಡಿ ಮಹಡಿಯಿಂದ ಇಳಿದು ಬಂದವರು ನಿಂತಿದ್ದರು. ಅಕ್ಕ ವ್ಯಾನಿನ ಬಾಗಿಲಿಗೆ ಕೈಯಿಟ್ಟು ನಿಂತಿದ್ದಳು.

"ಚಿತಾಗಾರದಲ್ಲಿ ನಾನು ನಾಲ್ಕು ಮಾತಾಡ್ಬೇಕು ಅಂತ ಹೇಳಿದಾರೆ," ಎಂದರು ಸಂಪಾದಕರು. "ಕೊನೆ ಗಳಿಗೇಲಿ ನಿಮ್ಮನ್ನ ಕೇಳಿದ್ರು ಅಂತ ಗೊತ್ತಾಯ್ತು. ಅದನ್ನ ಹೇಳೋಣ ಅಂತ. ನಿಮ್ಮ ತಂದೆ ಕಲಿಸಿದ ಪಾಠ ನೋಡಿ, ಮೇಲಿನ ಮನೆಯವರ ಹತ್ರ ಒಮ್ಮೆ ಕೇಳ್ದೆ, ನಿಮ್ಮ ಚಿಕ್ಕಪ್ಪನ ಹತ್ರ ಒಮ್ಮೆ ಕೇಳ್ದೆ. ಇಬ್ಬರದೂ ಒಂದೇ ಮಾತು. ಆದ್ರೂ ಮನೆಯವರನ್ನ ಕೇಳಿಬಿಡೋಣ ಅಂತ."

ಆಂಟಿ ತಲೆಯಾಡಿಸಿದರು. ಚಿಕ್ಕಪ್ಪ ತಲೆಯಾಡಿಸಿದರು. ಅಕ್ಕ ತಲೆಯಾಡಿಸಲಿಲ್ಲ. ಬಾಗಿಲ ಮೇಲಿದ್ದ ಕೈಯನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಎಂಬಂತೆ. ಅವನು 'ಇಲ್ಲ' ಎಂದರೆ ಇಷ್ಟು ಜನರ ಕಣ್ಣು ಈಗ ಯಾರ ಕಡೆ ತಿರುಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅಂಥ ಕಣ್ಣುಗಳ ನಡುವೆ ಒಬ್ಬನೇ ನಿಲ್ಲುವುದು ಹೇಗಿರುತ್ತದೆಂದು ಅಲ್ಲಿದ್ದವರಲ್ಲಿ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ.

"ಹೌದು ಸಾರ್," ಎಂದ ತಮ್ಮ. "ಕೇಳಿದ್ರು. ಅಕ್ಕ ಪಕ್ಕದಲ್ಲೇ ಇದ್ಲು."

ಸಂಪಾದಕರು ಅವನ ಭುಜ ಮುಟ್ಟಿ ಹಿಂದೆ ಸರಿದರು. ಅಕ್ಕ ವ್ಯಾನ್ ಹತ್ತಿದಳು. ತಮ್ಮ ಹತ್ತಿ ಎದುರಿನ ಸೀಟಿನಲ್ಲಿ ಕೂತ. ನಡುವೆ ಅಪ್ಪ. ಯಾರೋ ಹೊರಗಿನಿಂದ ಬಾಗಿಲು ತಳ್ಳಿದರು, ಸದ್ದೆಲ್ಲ ಒಮ್ಮೆಲೇ ನಿಂತಿತು.

ಹಿಂದಿನ ಗಾಜಿನಲ್ಲಿ ಗೇಟು ಕಾಣುತ್ತಿತ್ತು. ತಡವಾಗಿ ಬಂದ ಒಬ್ಬ ಮನುಷ್ಯ, ಯಾರೆಂದು ಇಬ್ಬರಿಗೂ ಗೊತ್ತಿಲ್ಲ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಚಿಕ್ಕಪ್ಪನನ್ನು ಏನೋ ಕೇಳುತ್ತಿದ್ದ. ಚಿಕ್ಕಪ್ಪ ಹೇಳುತ್ತಿದ್ದರು. ಹೇಳುತ್ತಾ, ಕುರ್ಚಿಗೆ ಒರಗಿದವರ ಹಾಗೆ ತಲೆಯನ್ನು ತುಸು ಹಿಂದಕ್ಕೆ ವಾಲಿಸಿದರು. ಬಲಗೈ ಎತ್ತಿದರು. ಬೆರಳುಗಳು ನಡುಗುತ್ತಾ, ಯಾವುದೋ ಬಾಗಿಲಿನ ಕಡೆಗೆ, ನಿಧಾನವಾಗಿ ಚಾಚಿಕೊಂಡವು.

ವ್ಯಾನ್ ಹೊರಟಿತು. ಕೇಳುತ್ತಿದ್ದವನ ಕೈಯೂ, ಅವನಿಗೇ ತಿಳಿಯದಂತೆ, ಮೇಲೇರತೊಡಗಿತ್ತು.