ನಡು ಬಿಟ್ಟ ಪೆಟ್ಟಿಗೆ

ಸ್ಟೆಲ್ಲಾಳ ಅಜ್ಜಿಯನ್ನು, ಹಳೆ ಬಟ್ಟೆಯ ತೇಪೆ ಸೇರಿಸಿ ಅಜ್ಜಿಯೇ ಹೊಲಿದ ಕೌದಿಯಲ್ಲಿ ಸುತ್ತಿ ಮಣ್ಣು ಮಾಡಿದ್ದರು. ಆ ಕೌದಿಯದು ಈಗ ಉಳಿದದ್ದು ಸಾಲಿಗೆ ನಾಲ್ಕರಂತೆ ತೆಗೆದ ಹದಿನಾರು ಫೋಟೋ ಮಾತ್ರ. ಹೊಲಿಗೆ ಎದ್ದು ಕಾಣಲೆಂದು ಸ್ಟೆಲ್ಲಾ ಒಂದೊಂದು ಭಾಗದ್ದೂ ಬೇರೆ ಬೇರೆ ಫೋಟೋ ತೆಗೆದಿದ್ದಳು. ತಾನು ನೋಡಿಕೊಳ್ಳುತ್ತಿದ್ದ ಹಳಿಯಾಳದ ಮಹಿಳಾ ಸಂಘದ ಹಳೆಯ ಕಂಪ್ಯೂಟರಿನಲ್ಲಿ ಅವನ್ನು ಜೋಡಿಸಲು ಹೋದರೆ, ನಾಲ್ಕನೆಯದಕ್ಕೇ ಪರದೆ ನಿಂತುಬಿಡುತ್ತಿತ್ತು. ಇಡೀ ಕೌದಿಯನ್ನು ಒಮ್ಮೆ ನೋಡಬೇಕು, ಅವಳಿಗೆ ಅಷ್ಟೇ ಆಸೆ.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ, ಕೌದಿಯ ನಕ್ಷೆ ಬಿಡಿಸಲೆಂದು ಸಂಘಕ್ಕೆ ಚಿತ್ರದ ಕೆಲಸದ ದೊಡ್ಡ ಕಂಪ್ಯೂಟರ್, ಒಂದು ಗ್ರಾಫಿಕ್ಸ್ ವರ್ಕ್‌ಸ್ಟೇಷನ್, ಮಂಜೂರಾಯಿತು. ಹುಬ್ಬಳ್ಳಿಯ ಕಂಪ್ಯೂಟರ್ ವ್ಯಾಪಾರಿ ಮಲಕಪ್ಪ ಎರಡು ಮಾದರಿ ತಂದು ಪಡಸಾಲೆಯಲ್ಲಿ ಬಿಚ್ಚಿಟ್ಟ.

"ಇದು ಭರ್ತಿ ಐತ್ರಿ ಬಾಯಾರ. ನಿಮ್ಮ ಹದಿನಾರೂ ಫೋಟೋ ಇವತ್ತ ಕೂಡ್ತಾವು. ಆದ್ರ ಮುಂದ ಏನೂ ಸೇರ್ಸಾಕ ಬರಂಗಿಲ್ಲ. ಆ ಇನ್ನೊಂದರಾಗ ಮೆಮೊರಿಗೆ ಮೂರು ಜಾಗ ಖಾಲಿ, ಇನ್ನೊಂದು ಪ್ರೊಸೆಸರ್, ಎರಡು ಡಿಸ್ಕ್ ಹಿಡಿತೈತಿ. ಈಗ ಮಾತ್ರ ಹನ್ನೆರಡು ಫೋಟೋದ ಮ್ಯಾಲ ಎಳಿಯಂಗಿಲ್ಲ."

ಸ್ಟೆಲ್ಲಾ ಭರ್ತಿಯ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಮಲಕಪ್ಪ ಚಾಲೂ ಮಾಡಿಟ್ಟಿದ್ದ ಅದು ಬೆಚ್ಚಗಿತ್ತು.

ಅಜ್ಜಿಯ ಗೆಳತಿ ಗಂಗೂ ಗೋಡೆಗೆ ಒರಗಿ ತನ್ನ ಕೌದಿ ಹೊಲಿಯುತ್ತಿದ್ದಳು. ಅಂಚಿನಿಂದ ಸುತ್ತುತ್ತ ಸುತ್ತುತ್ತ ಒಳಗೆ ಬರುವುದು ಅವರ ಕೇರಿಯ ಪದ್ಧತಿ. ನಡು ತುಂಬುವುದು ಕಡೆಗೆ. ಅವಳು ಎದ್ದು ಬಂದು ಎರಡನೆಯ ಪೆಟ್ಟಿಗೆಯೊಳಗೆ ಇಣುಕಿದಳು.

"ಇದನ್ನ ಮಾಡಿದಾಂವ ಹೊಲಿಗಿ ಬಲ್ಲಾಂವ. ನಡು ಬಿಟ್ಟಾನ."

"ಹಂಗಲ್ಲ ಆಯಿ, ಅವು ಮೆಮೊರಿ ಕೂಡ್ಸೋ ಸ್ಲಾಟ್," ಎಂದು ಮಲಕಪ್ಪ ನಕ್ಕ.

"ಏನರೆ ಅನ್ನಪ್ಪ. ನಿನ್ನ ಇನ್ನೊಂದು ಡಬ್ಬಿ ಅಂಗಡಿ ಚಾದರ ಇದ್ದಂಗ ಐತಿ. ಹಾಸಿದಷ್ಟ, ಹೊದ್ದಷ್ಟ."

ಸ್ಟೆಲ್ಲಾ ಗಂಗೂಳ ಮಡಿಲಿನ ಕೌದಿ ನೋಡಿದಳು. ಅದು ಅಜ್ಜಿಯದಕ್ಕಿಂತ ಎರಡು ಪಟ್ಟು ಅಗಲ. ಭರ್ತಿಯ ಪೆಟ್ಟಿಗೆಯಲ್ಲಿ ಅದರ ಫೋಟೋಗಳು ಎಂದಿಗೂ ಹಿಡಿಯವು.

"ನಡು ಬಿಟ್ಟದ್ದ ಇರ್ಲಿ," ಎಂದಳು. ಭರ್ತಿಯ ಪೆಟ್ಟಿಗೆಯ ಮೇಲಿಂದ ಕೈ ತೆಗೆದಳು. "ಉಳಿದ ಮೆಮೊರಿ ಮುಂದಿನ ವರ್ಷ."

ಅಂದು ಮಧ್ಯಾಹ್ನ ಹೊಸ ಕಂಪ್ಯೂಟರಿಗೆ ಹನ್ನೆರಡು ಫೋಟೋ ಏರಿಸಿದಳು. ಯಾವ ಹನ್ನೆರಡು ಎಂದು ಯೋಚಿಸಲೇ ಇಲ್ಲ. ಕೈ ತಾನಾಗಿ ಅಂಚು ಹಿಡಿಯಿತು. ಮೂಲೆಯ ಹೂವಿನ ತೇಪೆ, ಕೆಂಪು ಸೀರೆಯ ತುಂಡು, ಅಪ್ಪನ ಖಾಕಿ ಅಂಗಿ. ಪರದೆ ನಿಲ್ಲಲಿಲ್ಲ. ಬಣ್ಣಗಳು ಒಂದರ ಪಕ್ಕ ಒಂದು, ಕೊಳದ ನೀರಿನ ಮೇಲೆ ಎಲೆ ಬಂದು ನಿಂತಂತೆ, ಸದ್ದಿಲ್ಲದೆ ಸುತ್ತಲೂ ಕೂತವು. ನಡುವೆ ನಾಲ್ಕು ಫೋಟೋದಷ್ಟು ಬಿಳುಪು.

ಗಂಗೂ ಪರದೆಯ ಹತ್ತಿರ ಬಂದಳು.

"ಇಷ್ಟಾತಂದ್ರ, ನಡು ತುಂಬೂ ಮೊದಲ, ನಿಮ್ಮಜ್ಜಿ ಸೂಜಿ ಚುಚ್ಚಿಟ್ಟು, ಎಲಿ ಅಡಿಕಿ ಹಾಕ್ಕೊಳ್ಳಾಕ ಏಳ್ತಿದ್ಲು."

ಸ್ಟೆಲ್ಲಾ ಪರದೆ ಆರಿಸಲಿಲ್ಲ. ಅಜ್ಜಿ ಎಲೆ ಅಡಿಕೆಗೆಂದು ಈಗಷ್ಟೇ ಎದ್ದು ಹೋಗಿದ್ದಾಳೆ, ಬಂದು ನಡು ತುಂಬುತ್ತಾಳೆ ಎಂಬಂತೆ, ಆ ಬಿಳುಪಿನ ಎದುರು ಕುಳಿತೇ ಇದ್ದಳು.